ಪ್ಲಸ್ ಟು ಆದ ಮೇಲೆ: ಕಾಸರಗೋಡಿನ ಕನ್ನಡ ಮಕ್ಕಳು ಎರಡೂ ರಾಜ್ಯಗಳಲ್ಲಿ ಅರ್ಜಿ ಹಾಕುವುದು ಹೇಗೆ?

ಪ್ಲಸ್ ಟು ಪರೀಕ್ಷೆ ಮಾರ್ಚ್‌ನಲ್ಲಿ. ಫಲಿತಾಂಶ ಮೇ ತಿಂಗಳಲ್ಲಿ. ಹೆಚ್ಚಿನ ಮನೆಗಳಲ್ಲಿ 'ಇನ್ನೇನು ಓದುವುದು' ಎಂಬ ಮಾತು ಶುರುವಾಗುವುದೇ ಫಲಿತಾಂಶದ ದಿನ. ಅಷ್ಟು ಹೊತ್ತಿಗೆ ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ ಮುಗಿದಿರುತ್ತದೆ. ಕೇರಳದ ಇಂಜಿನಿಯರಿಂಗ್ ಪ್ರವೇಶದ ಕೀಮ್, ಮೆಡಿಕಲ್ ಪ್ರವೇಶದ ನೀಟ್, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಇವುಗಳ ಅರ್ಜಿಯ ದಿನವೂ ದಾಟಿರುತ್ತದೆ. ಉಳಿಯುವುದು ಕಣ್ಣೂರು ವಿಶ್ವವಿದ್ಯಾಲಯದ ಪದವಿ ಸೀಟು, ಇಲ್ಲವೇ ಮಂಗಳೂರಿನ ಯಾವುದಾದರೂ ಖಾಸಗಿ ಕಾಲೇಜು. ಅವು ಕೆಟ್ಟ ಆಯ್ಕೆ ಅಲ್ಲ. ಆದರೆ ಬೇರೆ ದಾರಿ ಇಲ್ಲ ಎಂದು ಅಲ್ಲಿಗೆ ಹೋಗುವುದು ಬೇರೆ, ನೋಡಿ ಆರಿಸಿ ಹೋಗುವುದು ಬೇರೆ.

ಮಂಜೇಶ್ವರ ತಾಲೂಕಿನಲ್ಲಿ ಹೈಯರ್ ಸೆಕೆಂಡರಿ ಮಕ್ಕಳಿಗೆ ಪಾಠ ಮಾಡುವ ನನಗೆ ಪ್ರತಿ ವರ್ಷ ಇದೇ ಬೇಸರ. ಮಾರ್ಕಿಗೆ ಏನೂ ಕೊರತೆ ಇಲ್ಲದ ಮಕ್ಕಳು ತಾರೀಕು ಗೊತ್ತಿಲ್ಲದೆ, ಒಂದು ಸರ್ಟಿಫಿಕೇಟ್ ಇಲ್ಲದೆ ಸೀಟು ಬಿಡುತ್ತಾರೆ. ನಮ್ಮದು ಗಡಿ ಜಿಲ್ಲೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದಕ್ಷಿಣಕ್ಕೆ ಕಣ್ಣೂರು ವಿಶ್ವವಿದ್ಯಾಲಯ, ಉತ್ತರಕ್ಕೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಜಿಲ್ಲೆಯ ಒಳಗೇ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಇಷ್ಟು ಹತ್ತಿರದಲ್ಲಿ ಇಷ್ಟು ಬಾಗಿಲು ಎಷ್ಟು ಮಕ್ಕಳಿಗಿದೆ ಹೇಳಿ? ಆದರೆ ಎರಡು ರಾಜ್ಯಕ್ಕೂ ಬೇರೆ ತಾರೀಕು, ಬೇರೆ ಕಾಗದ, ಬೇರೆ ನಿಯಮ. ಹಾಗಾಗಿ ನನ್ನ ಮಾತು ಇಷ್ಟೇ: ಒಂದೇ ಕಡೆಯನ್ನು ನಂಬಿ ಕೂರಬೇಡಿ. ಎರಡೂ ಕಡೆ ಅರ್ಜಿ ಹಾಕಿ. ಸೀಟು ಕಣ್ಣಿಗೆ ಕಂಡ ಮೇಲೆ ತೀರ್ಮಾನ ಮಾಡಿ.

ಮೊದಲು ವಿಷಯ, ಆಮೇಲೆ ಊರು

ನಮ್ಮಲ್ಲಿ ಇದು ತಲೆಕೆಳಗಾಗಿದೆ. ಮೊದಲು 'ಮಂಗಳೂರಿಗೆ ಹೋಗುವುದು' ಎಂದು ನಿಶ್ಚಯವಾಗುತ್ತದೆ, ಆಮೇಲೆ ಅಲ್ಲಿ ಏನು ಸಿಗುತ್ತದೋ ಅದು. ಗೆಳೆಯರು ಸೇರಿದ ಕಾಲೇಜು, ಅಕ್ಕ ಓದಿದ ಕಾಲೇಜು, ಬಸ್ಸು ಬಾಗಿಲಲ್ಲೇ ನಿಲ್ಲುವ ಕಾಲೇಜು. ಮೂರು-ನಾಲ್ಕು ವರ್ಷ ಓದಬೇಕಾದ ವಿಷಯದ ಬಗ್ಗೆ ಅರ್ಧ ಗಂಟೆಯೂ ಮಾತಾಡಿರುವುದಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಪ್ಲಸ್ ಟುವಿನಲ್ಲಿ ಯಾರೂ ಹೇಳದಿದ್ದರೂ ನೀವೇ ಪುಸ್ತಕ ತೆರೆದ ವಿಷಯ ಯಾವುದು, ಬರೆಯಿರಿ. ಮಾರ್ಕ್ ಜಾಸ್ತಿ ಬಂದ ವಿಷಯ ಅಲ್ಲ, ಇಷ್ಟಪಟ್ಟು ಓದಿದ ವಿಷಯ. ಕೆಲವೊಮ್ಮೆ ಎರಡೂ ಒಂದೇ ಆಗಿರುತ್ತದೆ, ಕೆಲವೊಮ್ಮೆ ಅಲ್ಲ. ಅದರ ಕೆಳಗೆ, ಆ ವಿಷಯ ಓದಿದವರು ಯಾವ ಕೆಲಸದಲ್ಲಿದ್ದಾರೆ ಎಂದು ನಿಮಗೆ ಗೊತ್ತಿರುವವರ ಉದಾಹರಣೆ ಬರೆಯಿರಿ. ಆಮೇಲೆ ಆ ಕೋರ್ಸಿನ ಮೊದಲ ಸೆಮಿಸ್ಟರಿನ ಸಿಲೆಬಸ್ ಓದಿ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಬಿ.ಸಿ.ಎ. ಎಂದರೆ ಕಂಪ್ಯೂಟರ್ ಬಳಸುವುದು ಎಂದುಕೊಂಡು ಸೇರಿ, ಪ್ರೋಗ್ರಾಮಿಂಗ್ ಮತ್ತು ಗಣಿತ ನೋಡಿ ಗಾಬರಿಯಾಗುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಒಂದು ಸಿಲೆಬಸ್ ಓದಿದ್ದರೆ ಅದು ತಪ್ಪುತ್ತಿತ್ತು.

ಸೈನ್ಸ್ ಓದಿದವರು ಸೈನ್ಸೇ ಮುಂದುವರಿಸಬೇಕು ಎಂಬ ನಿಯಮ ಎಲ್ಲೂ ಇಲ್ಲ. ಬಯಾಲಜಿ ಓದಿದ ಹುಡುಗಿ ಕನ್ನಡ ಬಿ.ಎ.ಗೆ, ಇಂಗ್ಲಿಷ್ ಬಿ.ಎ.ಗೆ, ಐದು ವರ್ಷದ ಕಾನೂನು ಪದವಿಗೆ ಹೋಗಬಹುದು. ತಿರುಗಿ ಬರುವ ದಾರಿ ಮಾತ್ರ ಕಷ್ಟ. ಹ್ಯುಮ್ಯಾನಿಟೀಸ್ ಓದಿ ಬಿ.ಎಸ್ಸಿ. ನರ್ಸಿಂಗಿಗೆ, ಇಂಜಿನಿಯರಿಂಗಿಗೆ ಹೋಗಲು ಆಗುವುದಿಲ್ಲ.

ಇನ್ನೊಂದು ಮಾತು. 'ನನಗೆ ಮಲಯಾಳ ಓದಲು ಬರುವುದಿಲ್ಲ, ಕಣ್ಣೂರು ಬೇಡ' ಎಂದು ಮಕ್ಕಳು ಹೇಳುತ್ತಾರೆ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತರಗತಿಯಲ್ಲಿ ಅಧ್ಯಾಪಕರು ಮಲಯಾಳದಲ್ಲಿ ವಿವರಿಸಿದಾಗ ಒಂಟಿ ಎನಿಸುವುದು ನಿಜ. ಆದರೆ ಭಾಷಾ ವಿಷಯಗಳನ್ನು ಬಿಟ್ಟರೆ ಪಠ್ಯ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಮಾತಾಡುವ ಮಲಯಾಳ ಕೆಲವು ತಿಂಗಳಲ್ಲಿ ಕಿವಿಗೆ ಹತ್ತುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಕೇಳಿ ಬೆಳೆದವರು. ಸರ್ಕಾರಿ ಕಾಲೇಜಿನ ಕಡಿಮೆ ಫೀಸಿನ ಸೀಟನ್ನು ಈ ಒಂದು ಕಾರಣಕ್ಕೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಪದವಿ ಮೂರು ವರ್ಷವೋ ನಾಲ್ಕು ವರ್ಷವೋ?

ಇದು ಹೊಸ ಗೊಂದಲ. 2024ರಲ್ಲಿ ಕೇರಳ ನಾಲ್ಕು ವರ್ಷದ ಪದವಿ ಶುರು ಮಾಡಿತು. ಅದೇ ವರ್ಷ ಕರ್ನಾಟಕ ತನ್ನ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಹಾಗಾಗಿ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಈಗ ಲೆಕ್ಕ ಬೇರೆ.

ಕೇರಳದಲ್ಲಿ ಸೇರಿದರೆ ನಾಲ್ಕು ವರ್ಷ ಓದಲೇಬೇಕು ಎಂದೇನೂ ಇಲ್ಲ. ಮೂರು ವರ್ಷ ಮುಗಿಸಿ 133 ಕ್ರೆಡಿಟ್ (ಪಾಸಾದ ಪ್ರತಿ ಪತ್ರಿಕೆಗೆ ಸಿಗುವ ಅಂಕ) ಆದರೆ ಪದವಿ ಕೈಗೆ ಬರುತ್ತದೆ, ಹೊರಗೆ ಬರಬಹುದು. ನಾಲ್ಕನೇ ವರ್ಷವೂ ಓದಿ 177 ಕ್ರೆಡಿಟ್ ಮಾಡಿದರೆ ಆನರ್ಸ್. ಒಂದು ವಿಷಯ ಮೇಜರ್, ಅಂದರೆ ಮುಖ್ಯ ವಿಷಯ, ಅದರ ಜೊತೆ ಬೇರೆ ವಿಷಯ ಮೈನರ್. ಮೊದಲ ಎರಡು ಸೆಮಿಸ್ಟರ್ ಕಳೆದ ಮೇಲೆ ಸೀಟು ಇದ್ದರೆ ಮೇಜರ್ ಬದಲಿಸಲು ಅವಕಾಶ ಇದೆ. ಏನು ಓದಬೇಕೆಂದು ಇನ್ನೂ ಸ್ಪಷ್ಟವಿಲ್ಲದ ಮಕ್ಕಳಿಗೆ ಇದು ನಿಜಕ್ಕೂ ಒಳ್ಳೆಯದು.

ಎರಡನೇ ಭಾಷೆಯಾಗಿ ಕನ್ನಡ ಬೇಕಿದ್ದರೆ, ಅರ್ಜಿಯಲ್ಲಿ ಕಾಲೇಜಿನ ಹೆಸರು ಕೊಡುವ ಮೊದಲೇ ಆ ಕಾಲೇಜಿನಲ್ಲಿ ಕನ್ನಡ ಇದೆಯೇ ಕೇಳಿ. ವಿದ್ಯಾನಗರದ ಕಾಸರಗೋಡು ಸರ್ಕಾರಿ ಕಾಲೇಜು 1957ರದ್ದು, ಅಲ್ಲಿ ಕನ್ನಡ ವಿಭಾಗ ಇದೆ. ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಮಂಜೇಶ್ವರದ ಸರ್ಕಾರಿ ಕಾಲೇಜು ಗಡಿಯ ಮಕ್ಕಳಿಗೆ ಇನ್ನೂ ಹತ್ತಿರ. ಜಿಲ್ಲೆಯ ದಕ್ಷಿಣದ ಕಾಲೇಜುಗಳಲ್ಲಿ ಕನ್ನಡ ಸಿಗುತ್ತದೆ ಎಂದು ಊಹಿಸಿಕೊಳ್ಳಬೇಡಿ.

ಡಿಸೆಂಬರಿನಲ್ಲೇ ಕಾಗದಪತ್ರ

ಸೀಟು ತಪ್ಪುವುದು ಹೆಚ್ಚಾಗಿ ಇಲ್ಲೇ. ಕ್ರಿಸ್‌ಮಸ್ ರಜೆಯಲ್ಲಿ ಒಂದು ಫೈಲ್ ಮಾಡಿ.

ಮೊದಲನೆಯದಾಗಿ ಹೆಸರು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಬ್ಯಾಂಕ್ ಪಾಸ್‌ಬುಕ್‌ನ ಹೆಸರು ಮೂರೂ ಅಕ್ಷರ ಬಿಡದೆ ಒಂದೇ ಇದೆಯೇ? ನಮ್ಮ ಕಡೆ ಇದು ದೊಡ್ಡ ತಲೆನೋವು. ಕನ್ನಡದ ಹೆಸರು ಮಲಯಾಳ ಕಚೇರಿಯ ಮೂಲಕ ಇಂಗ್ಲಿಷಿಗೆ ಹೋದಾಗ ಒಂದು ಅಕ್ಷರ ಆಚೀಚೆ ಆಗುತ್ತದೆ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಆಧಾರ್ ತಿದ್ದುವುದು ಎಸ್‌ಎಸ್‌ಎಲ್‌ಸಿ ತಿದ್ದುವುದಕ್ಕಿಂತ ಸುಲಭ. ಹಾಗಾಗಿ ಎಸ್‌ಎಸ್‌ಎಲ್‌ಸಿಯನ್ನು ಅಳತೆಯಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ.

ಎರಡನೆಯದು ವಿಲೇಜ್ ಆಫೀಸ್ ಮತ್ತು ತಾಲೂಕು ಕಚೇರಿಯ ಸರ್ಟಿಫಿಕೇಟುಗಳು: ನೇಟಿವಿಟಿ, ಜಾತಿ, ಆದಾಯ, ನಾನ್ ಕ್ರೀಮಿ ಲೇಯರ್ (ಹಿಂದುಳಿದ ವರ್ಗದಲ್ಲಿ ಸ್ಥಿತಿವಂತರಲ್ಲ ಎಂಬುದಕ್ಕೆ), ಇಡಬ್ಲ್ಯೂಎಸ್ (ಬೇರೆ ಮೀಸಲಾತಿ ಇಲ್ಲದ, ಆರ್ಥಿಕವಾಗಿ ಹಿಂದುಳಿದವರಿಗೆ). ಅಕ್ಷಯ ಎಂಬ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಅರ್ಜಿ ಕೊಟ್ಟರೆ ಆನ್‌ಲೈನಾಗಿ ಬರುತ್ತವೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೇರಳದ ಒಳಗಿನ ಪ್ರವೇಶಕ್ಕೆ ವಿಲೇಜ್ ಆಫೀಸರ್ ಕೊಡುವ ನಾನ್ ಕ್ರೀಮಿ ಲೇಯರ್ ಸಾಕು. ಆದರೆ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ, ಅಂದರೆ ಪೆರಿಯದ ವಿಶ್ವವಿದ್ಯಾಲಯಕ್ಕೆ, ಎನ್‌ಐಟಿಗೆ, ನೀಟಿನ ಅಖಿಲ ಭಾರತ ಕೋಟಾಕ್ಕೆ ಕೇಂದ್ರದ ನಮೂನೆಯಲ್ಲಿ ತಹಶೀಲ್ದಾರ್ ಕೊಟ್ಟದ್ದೇ ಬೇಕು. ಇಡಬ್ಲ್ಯೂಎಸ್‌ಗೂ ಹೀಗೇ ಎರಡು ಬಗೆ. ಕೇರಳದ ಲೆಕ್ಕದಲ್ಲಿ ಕುಟುಂಬದ ಆದಾಯದ ಮಿತಿ ವರ್ಷಕ್ಕೆ 4 ಲಕ್ಷ, ಕೇಂದ್ರದ ಲೆಕ್ಕದಲ್ಲಿ 8 ಲಕ್ಷ. 'ಸರ್ಟಿಫಿಕೇಟ್ ಇದೆಯಲ್ಲ' ಎಂದು ನೆಮ್ಮದಿಯಾಗಿ ಇರಬೇಡಿ. ಯಾವುದಕ್ಕೆ ಬೇಕಾದದ್ದು ಎಂದು ನೋಡಿ.

ಜಾತಿ ಮೀಸಲಾತಿ ರಾಜ್ಯ ದಾಟಿದರೆ ಹಾಗೇ ಮುಂದುವರಿಯುವುದಿಲ್ಲ ಎಂಬುದನ್ನೂ ತಿಳಿದಿರಿ. ಎರಡು ರಾಜ್ಯಗಳ ಪಟ್ಟಿ ಬೇರೆ ಬೇರೆ. ಕೇರಳದಲ್ಲಿ ಮೀಸಲಾತಿ ಇರುವವರು ಕರ್ನಾಟಕದಲ್ಲಿ ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕಾಗಿ ಬರಬಹುದು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಇ-ಗ್ರಾಂಟ್ಸ್ ಮೂಲಕ ಫೀಸು ಸಿಗುವ ವಿಚಾರವೂ ಹೀಗೇ. ಗಡಿ ದಾಟುವ ಮೊದಲು ಇಲಾಖೆಯ ಕಚೇರಿಗೆ ಹೋಗಿ ಕೇಳಿ, ಕೇಳಿದ್ದನ್ನು ಬರೆದುಕೊಂಡು ಬನ್ನಿ.

ಫೈಲಿನಲ್ಲಿ ಪ್ರತಿಯೊಂದರ ಮೂರು ಜೆರಾಕ್ಸ್, ಫೋನಿನಲ್ಲಿ ಸ್ಕ್ಯಾನ್ ಮಾಡಿದ ಪ್ರತಿ, ಬಿಳಿ ಹಿನ್ನೆಲೆಯ ಫೋಟೋ, ಸಹಿಯ ಚಿತ್ರ ಇರಲಿ.

ಸ್ವಂತ ಫೋನು, ಸ್ವಂತ ಇ-ಮೇಲ್

ಅರ್ಜಿಯನ್ನು ಅಕ್ಷಯದಲ್ಲಿ ತುಂಬಿಸಿ, ಪರವಾಗಿಲ್ಲ. ಆದರೆ ಅಲ್ಲಿಯವರ ಫೋನ್ ನಂಬರ್ ಹಾಕಿಸಬೇಡಿ. ಅಲಾಟ್‌ಮೆಂಟಿನ, ಅಂದರೆ ಸೀಟು ಹಂಚಿಕೆಯ ಸಂದೇಶ, ಒಟಿಪಿ, ಪಾಸ್‌ವರ್ಡ್ ಎಲ್ಲ ಆ ನಂಬರಿಗೇ ಹೋಗುತ್ತದೆ. ಮಗುವಿನ ಮನೆಯಲ್ಲೇ ಇರುವ, ಮುಂದಿನ ನಾಲ್ಕು ವರ್ಷ ಬದಲಾಗದ ನಂಬರ್ ಕೊಡಿ.

ಕಣ್ಣೂರು ಅಲಾಟ್‌ಮೆಂಟ್

ಕಣ್ಣೂರು, ಕಾಸರಗೋಡು ಜಿಲ್ಲೆಗಳು ಮತ್ತು ವಯನಾಡಿನ ಮಾನಂತವಾಡಿ ತಾಲೂಕು ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿ. ಪ್ಲಸ್ ಟು ಫಲಿತಾಂಶದ ಆಸುಪಾಸಿನಲ್ಲಿ ಅರ್ಜಿ ಶುರು. ಪ್ರತಿ ಕಾಲೇಜಿಗೆ ಬೇರೆ ಬೇರೆ ಅರ್ಜಿ ಇಲ್ಲ. ಒಂದೇ ಅರ್ಜಿಯಲ್ಲಿ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಕೊಡಬೇಕು. ಇದಕ್ಕೇ ಆಪ್ಷನ್ ಎನ್ನುವುದು.

ಆಪ್ಷನ್ ಕೊಡುವಾಗ 'ಇದು ನನಗೆ ಸಿಗಲಿಕ್ಕಿಲ್ಲ' ಎಂದು ಒಳ್ಳೆಯದನ್ನು ಕೆಳಗೆ ಹಾಕಬೇಡಿ. ನಿಜವಾಗಿ ಬೇಕಾದದ್ದು ಮೊದಲು, ಆಮೇಲೆ ಎರಡನೆಯದು, ಹಾಗೇ ಇಳಿಯುತ್ತಾ ಹೋಗಿ. ಮೊದಲ ಆಪ್ಷನ್ ಸಿಗದಿದ್ದರೆ ಎರಡನೆಯದಕ್ಕೆ ಪರಿಗಣಿಸುವಾಗ ನಿಮಗೆ ಏನೂ ನಷ್ಟ ಇಲ್ಲ. ಹಾಗೆಯೇ, ಸಿಕ್ಕಿದರೂ ಸೇರಲಾರೆ ಎಂಬ ಕಾಲೇಜನ್ನು ಪಟ್ಟಿ ತುಂಬಿಸಲು ಹಾಕಬೇಡಿ. ಪೈವಳಿಕೆಯಲ್ಲಿ ಮನೆ ಇರುವವರು ಪಯ್ಯನ್ನೂರಿನ ಕಾಲೇಜು ಹಾಕಿ, ಅದೇ ಅಲಾಟ್ ಆದ ಮೇಲೆ ಹಾಸ್ಟೆಲ್ ಇದೆಯೇ ಎಂದು ಹುಡುಕುವುದು ಬಹಳ ನೋಡಿದ್ದೇನೆ. ಹಾಸ್ಟೆಲ್, ಬಸ್ಸು, ರೈಲು ಎಲ್ಲ ಆಪ್ಷನ್ ಕೊಡುವ ಮೊದಲು ನೋಡಬೇಕಾದದ್ದು.

ರ್‍ಯಾಂಕ್ ಹೇಗೆ ಬರುತ್ತದೆ? ಪ್ಲಸ್ ಟುವಿನ ಒಟ್ಟು ಮಾರ್ಕ್ ಮಾತ್ರ ಅಲ್ಲ. ಪ್ರತಿ ಕೋರ್ಸಿಗೆ ಇಂಡೆಕ್ಸ್ ಮಾರ್ಕ್ ಎಂಬ ಬೇರೆ ಲೆಕ್ಕ. ಆ ಕೋರ್ಸಿಗೆ ಸಂಬಂಧಪಟ್ಟ ವಿಷಯದ ಮಾರ್ಕಿಗೆ ಹೆಚ್ಚು ತೂಕ. ಹಾಗಾಗಿ ಒಂದೇ ಮಗುವಿಗೆ ಕೆಮಿಸ್ಟ್ರಿಗೆ ಒಂದು ರ್‍ಯಾಂಕ್, ಇಂಗ್ಲಿಷಿಗೆ ಇನ್ನೊಂದು. ಒಟ್ಟು ಮಾರ್ಕ್ ಕಡಿಮೆ ಎಂದು ಕೈಚೆಲ್ಲಬೇಡಿ. ಕನ್ನಡದಲ್ಲಿ ತುಂಬಾ ಒಳ್ಳೆಯ ಮಾರ್ಕ್ ಇದ್ದರೆ ಕನ್ನಡ ಬಿ.ಎ.ಯ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲೆ ಇರಬಹುದು. ಎನ್‌ಸಿಸಿ, ಎನ್‌ಎಸ್‌ಎಸ್ ಸರ್ಟಿಫಿಕೇಟ್ ಇದ್ದರೆ ಅದನ್ನೂ ಸೇರಿಸಿ, ವೆಯ್ಟೇಜ್ ಇದೆ.

ಮೊದಲು ಟ್ರಯಲ್ ಅಲಾಟ್‌ಮೆಂಟ್ ಬರುತ್ತದೆ. ಅದು ಸೀಟಲ್ಲ, ಈಗಿನ ಲೆಕ್ಕದಲ್ಲಿ ಎಲ್ಲಿ ಸಿಗಬಹುದು ಎಂಬ ಅಂದಾಜು. ಆಪ್ಷನಿನ ಕ್ರಮ ಬದಲಿಸಲು, ಅರ್ಜಿಯ ತಪ್ಪು ತಿದ್ದಲು ಇದೇ ಸರಿಯಾದ ಹೊತ್ತು. ಜಾತಿ, ಮಾರ್ಕ್, ಲಿಂಗ, ಮೀಸಲಾತಿ ಎಲ್ಲ ಇನ್ನೊಮ್ಮೆ ಓದಿ. ಮೊದಲ ಅಲಾಟ್‌ಮೆಂಟ್ ಬಂದ ಮೇಲೆ ಹೇಳಿದ ದಿನದ ಒಳಗೆ ಫೀಸು ಕಟ್ಟಬೇಕು. ಕಟ್ಟದಿದ್ದರೆ ಸಿಕ್ಕಿದ ಸೀಟೂ ಹೋಗುತ್ತದೆ, ಮುಂದಿನ ಸುತ್ತಿನಿಂದಲೂ ಹೊರಗೆ. ನಾಲ್ಕನೇ ಆಪ್ಷನ್ ಸಿಕ್ಕಿದ್ದರೆ ಮೊದಲ ಮೂರಕ್ಕೆ ಮುಂದಿನ ಸುತ್ತಿನಲ್ಲಿ ನಿಮ್ಮ ಹೆಸರು ಇರುತ್ತದೆ. ಅಲ್ಲಿ ಸಿಕ್ಕಿತು ಎಂದರೆ ಹಳೆಯದು ತಾನಾಗಿ ಹೋಗುತ್ತದೆ. 'ಹಳೆಯದೇ ಸಾಕಿತ್ತು' ಎನ್ನಲು ಆಗುವುದಿಲ್ಲ. ನಾಲ್ಕನೆಯದೇ ಇಷ್ಟವಾಯಿತು ಎಂದಾದರೆ ಮೇಲಿನ ಆಪ್ಷನುಗಳನ್ನು ಸಮಯದ ಒಳಗೆ ರದ್ದು ಮಾಡಿ.

ಏಡೆಡ್ (ಸರ್ಕಾರದ ಅನುದಾನಿತ ಖಾಸಗಿ) ಕಾಲೇಜುಗಳ ಮ್ಯಾನೇಜ್‌ಮೆಂಟ್, ಕಮ್ಯುನಿಟಿ, ಸ್ಪೋರ್ಟ್ಸ್ ಕೋಟಾಕ್ಕೆ ಆನ್‌ಲೈನ್ ಅರ್ಜಿಯ ಜೊತೆ ಕಾಲೇಜಿನಲ್ಲೂ ವಿಚಾರಿಸಬೇಕು. ಪ್ರಾಸ್ಪೆಕ್ಟಸ್ ಓದುವಾಗ 'ಭಾಷಾ ಅಲ್ಪಸಂಖ್ಯಾತ' ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಗಮನ ಇಟ್ಟು ನೋಡಿ. ಇದ್ದರೆ ಬಿಡಬೇಡಿ, ಅದು ನಮ್ಮ ಹಕ್ಕು. ಮಲಯಾಳ ಕಷ್ಟವಾದರೆ ಇಂಗ್ಲಿಷ್ ಪ್ರತಿ ಓದಿ, ಅದೂ ಕಷ್ಟವಾದರೆ ನಿಮ್ಮ ಶಾಲೆಯ ಅಧ್ಯಾಪಕರ ಬಳಿ ಹೋಗಿ ಕುಳಿತುಕೊಳ್ಳಿ. ಸಂಕೋಚ ಬೇಡ, ಅದು ನಮ್ಮ ಕೆಲಸವೇ.

ಕರ್ನಾಟಕದ ಸಿಇಟಿ, ಗಡಿನಾಡಿನವರಿಗೆ ಇರುವ ಬಾಗಿಲು

ಇದು ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿದವರಿಗೆ ಸಿಇಟಿಯ ಸರ್ಕಾರಿ ಕೋಟಾ. ಆದರೆ ಗಡಿನಾಡ ಕನ್ನಡಿಗರಿಗೆ ಅದರಲ್ಲಿ ಪ್ರತ್ಯೇಕ ಅವಕಾಶ ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಅದರಲ್ಲಿ ಬರುತ್ತವೆ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಆಂಧ್ರದ ರಾಯದುರ್ಗ, ಮಡಕಶಿರಾ ತಾಲೂಕಿನವರಿಗೂ, ತಮಿಳುನಾಡಿನ ಕೆಲವು ತಾಲೂಕಿನವರಿಗೂ ಇದೇ ದಾರಿ. ಮನೆಮಾತು ಕನ್ನಡವೇ ಆಗಬೇಕೆಂದಿಲ್ಲ, ತುಳು ಮತ್ತು ಕೊಡವ ಮಾತಾಡುವವರಿಗೂ ಅನ್ವಯಿಸುತ್ತದೆ.

ಮಾಡಬೇಕಾದದ್ದು ಹೀಗೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಜನವರಿಯಿಂದಲೇ ಕಣ್ಣಿಟ್ಟಿರಿ. ಮಾಹಿತಿ ಪುಸ್ತಕ ಇಳಿಸಿಕೊಂಡು ಅರ್ಹತೆಯ ಭಾಗವನ್ನು ಪೂರ್ತಿ ಓದಿ. ವಾಸದ ಜೊತೆಗೆ ಹತ್ತನೇ ತರಗತಿ, ಪ್ಲಸ್ ಟು ಎಲ್ಲಿ ಓದಿದಿರಿ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ವಾಸ ಮತ್ತು ಮಾತೃಭಾಷೆಗೆ ಸಂಬಂಧಪಟ್ಟ ಸರ್ಟಿಫಿಕೇಟ್ ಅದೇ ಪುಸ್ತಕದ ನಮೂನೆಯಲ್ಲಿ ಬೇಕು. ಅಕ್ಷಯದಲ್ಲಿ ಸಿಗುವ ಕೇರಳದ ನೇಟಿವಿಟಿಯ ನಮೂನೆ ಬೇರೆ. ಹಾಗಾಗಿ ಪ್ರಾಧಿಕಾರದ ನಮೂನೆಯನ್ನು ಪ್ರಿಂಟ್ ಮಾಡಿ ತಾಲೂಕು ಕಚೇರಿಗೆ ತೆಗೆದುಕೊಂಡು ಹೋಗಿ, ಏನಕ್ಕೆ ಬೇಕು ಎಂದು ವಿವರಿಸಿ. ಕಚೇರಿಯವರಿಗೆ ಇದು ದಿನಾ ಬರುವ ಅರ್ಜಿ ಅಲ್ಲ. ಒಂದೆರಡು ಸಲ ಹೋಗಬೇಕಾಗಬಹುದು. ಅದಕ್ಕೇ ಬೇಗ ಶುರು ಮಾಡಿ ಎನ್ನುವುದು.

ಸಿಇಟಿ ಏಪ್ರಿಲಿನಲ್ಲಿ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ, ಪ್ರತಿಯೊಂದಕ್ಕೂ 60 ಮಾರ್ಕ್. ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಇದರ ಜೊತೆ ಒಂದು ಕನ್ನಡ ಭಾಷಾ ಪರೀಕ್ಷೆ ಇರುತ್ತದೆ, ಸಿಇಟಿಯ ಹಿಂದಿನ ದಿನವೋ ಮರುದಿನವೋ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ಕಷ್ಟವೇ ಅಲ್ಲ. ಆದರೆ ಆ ಪರೀಕ್ಷೆಗೆ ಹೋಗಲು ಮರೆತರೆ ಗಡಿನಾಡಿನ ಅವಕಾಶ ಕೈಬಿಟ್ಟಂತೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ಬರೆಯುವ ಅಭ್ಯಾಸ ತಪ್ಪಿದ ಮಕ್ಕಳು ಎರಡು ವಾರ ದಿನಪತ್ರಿಕೆ ಓದಿ, ಒಂದೊಂದು ಪುಟ ಬರೆದರೆ ಸಾಕು.

ಇನ್ನೂ ಒಂದು ಕಡೆ ಜನ ಜಾರುತ್ತಾರೆ. ಇಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಮಾರ್ಕ್ ಅರ್ಧ, ಹನ್ನೆರಡನೇ ತರಗತಿಯ ಮಾರ್ಕ್ ಅರ್ಧ. ಕರ್ನಾಟಕದ ಪಿಯು ಮಕ್ಕಳ ಮಾರ್ಕ್ ಪ್ರಾಧಿಕಾರಕ್ಕೆ ತಾನಾಗಿ ಹೋಗುತ್ತದೆ. ಬೇರೆ ರಾಜ್ಯದ ಬೋರ್ಡಿನವರು ತಮ್ಮ ಮಾರ್ಕನ್ನು ತಾವೇ ಪೋರ್ಟಲಿನಲ್ಲಿ ತುಂಬಬೇಕು. ತುಂಬದಿದ್ದರೆ ರ್‍ಯಾಂಕೇ ಬರುವುದಿಲ್ಲ. ಪ್ಲಸ್ ಟು ಫಲಿತಾಂಶ ಬಂದ ದಿನವೇ ಈ ಕೆಲಸ ಮುಗಿಸಿ.

ಗಡಿನಾಡಿನ ನಿಯಮಕ್ಕೆ ಹೊಂದದವರಿಗೆ ಇಂಜಿನಿಯರಿಂಗಿನ ಇನ್ನೊಂದು ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಇದೆ, ದೇಶದ ಯಾರೂ ಬರೆಯಬಹುದು. ಆದರೆ ಅದು ಖಾಸಗಿ ಕಾಲೇಜುಗಳದ್ದು, ಫೀಸು ಸಿಇಟಿ ಸೀಟಿಗಿಂತ ಬಹಳ ಜಾಸ್ತಿ. ಕೇರಳದಲ್ಲೇ ಇಂಜಿನಿಯರಿಂಗ್ ಸಾಕು ಎನ್ನುವವರು ಕೀಮ್ ಬರೆಯಿರಿ. ನಮ್ಮ ಜಿಲ್ಲೆಯಲ್ಲೇ ಪೊವ್ವಲ್‌ನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಇದೆ.

ಸುರತ್ಕಲ್ಲಿನ ಎನ್‌ಐಟಿಯ ಕನಸಿರುವವರು ಗಮನಿಸಿ: ಅದರ ಪ್ರವೇಶ ಪರೀಕ್ಷೆಯಾದ ಜೆಇಇ ಮೈನ್‌ನಲ್ಲಿ ಯಾವ ರಾಜ್ಯದಲ್ಲಿ ಹನ್ನೆರಡನೇ ತರಗತಿ ಪಾಸಾದಿರೋ ಅದೇ ನಿಮ್ಮ ಸ್ವಂತ ರಾಜ್ಯ. ಮನೆಯಿಂದ ಸುರತ್ಕಲ್ ಎಷ್ಟೇ ಹತ್ತಿರ ಇರಲಿ, ಕಾಸರಗೋಡಿನಲ್ಲಿ ಪ್ಲಸ್ ಟು ಓದಿದವರಿಗೆ ರಾಜ್ಯದ ಕೋಟಾ ಇರುವುದು ಕಲ್ಲಿಕೋಟೆ ಎನ್‌ಐಟಿಯಲ್ಲಿ.

ನೀಟ್ ಮತ್ತು ಕೃಷಿ ಪದವಿ

ನೀಟ್ ಕನ್ನಡದಲ್ಲೂ ಬರೆಯಬಹುದು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಕೇರಳದ ಕೇಂದ್ರ ಆರಿಸಿದರೆ ಇಂಗ್ಲಿಷ್, ಹಿಂದಿ, ಉರ್ದು, ಮಲಯಾಳ. ಅರ್ಜಿ ತುಂಬುವಾಗಲೇ ಇದನ್ನು ನಿರ್ಧರಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಎರಡು ವರ್ಷ ಇಂಗ್ಲಿಷಿನಲ್ಲಿ ಬಯಾಲಜಿ ಓದಿದವರು ಇಂಗ್ಲಿಷಿನಲ್ಲೇ ಬರೆಯುವುದು ಒಳ್ಳೆಯದು. ಕನ್ನಡದ ಪಾರಿಭಾಷಿಕ ಪದಗಳು ಪರೀಕ್ಷೆಯ ದಿನ ಹೊಸದಾಗಿ ಕಂಡರೆ ಸಮಯ ಹೋಗುತ್ತದೆ.

ನೀಟ್ ಬರೆದರೆ ಮಾತ್ರ ಕೇರಳದ ಸೀಟಿಗೆ ಸಾಲದು. ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರ ಪೋರ್ಟಲಿನಲ್ಲಿ, ಅಂದರೆ ಕೀಮ್ ಅರ್ಜಿ ಹಾಕುವಲ್ಲೇ, ಮೆಡಿಕಲ್ ವಿಭಾಗಕ್ಕೂ ಬೇರೆಯಾಗಿ ಅರ್ಜಿ ಹಾಕಿರಬೇಕು. ಎಂಬಿಬಿಎಸ್ ಬೇಡ ಎನ್ನುವವರೂ ಇದನ್ನು ಓದಿ. ಕೇರಳದಲ್ಲಿ ಬಿ.ಎಸ್ಸಿ. ಅಗ್ರಿಕಲ್ಚರ್ ಸೀಟು ಕೊಡುವುದು ನೀಟ್ ರ್‍ಯಾಂಕಿನ ಮೇಲೆ. ಕರ್ನಾಟಕದಲ್ಲಿ ಅದೇ ಕೋರ್ಸಿಗೆ ಸಿಇಟಿ. ಅಡಿಕೆ, ತೆಂಗು, ಕರಿಮೆಣಸಿನ ತೋಟದಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಈ ಪದವಿ ಎಷ್ಟು ಹೊಂದುತ್ತದೆ! ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು, ಚೌಕಿ ಹತ್ತಿರ ತೋಟದ ಬೆಳೆಗಳ ಸಿಪಿಸಿಆರ್‌ಐಯಂಥ ದೊಡ್ಡ ಸಂಶೋಧನಾ ಸಂಸ್ಥೆ ಎಲ್ಲ ನಮ್ಮ ಜಿಲ್ಲೆಯಲ್ಲೇ ಇವೆ. ಆದರೂ 'ನೀಟ್ ಡಾಕ್ಟರ್ ಆಗುವವರಿಗೆ' ಎಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ದಯವಿಟ್ಟು ಹಾಕಿ.

ಮಂಗಳೂರಿನ ಪದವಿ ಕಾಲೇಜು, ನರ್ಸಿಂಗ್, ಏಜೆಂಟರು

ಮಂಗಳೂರಿನಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೀಟನ್ನು ಕಾಲೇಜುಗಳೇ ಕೊಡುತ್ತವೆ. ಕೇಂದ್ರೀಕೃತ ಅಲಾಟ್‌ಮೆಂಟ್ ಇಲ್ಲ. ಒಳ್ಳೆಯ ಕಾಲೇಜುಗಳು ಬೇಗ ತುಂಬುತ್ತವೆ, ಹಾಗಾಗಿ ಏಪ್ರಿಲಿನಲ್ಲೇ ಫೋನ್ ಮಾಡಿ ಕೇಳಿ. ಬೇರೆ ಬೋರ್ಡಿನಿಂದ ಬಂದವರಿಗೆ ವಿಶ್ವವಿದ್ಯಾಲಯದ ಅರ್ಹತಾ ಪತ್ರ, ಮೈಗ್ರೇಶನ್ ಸರ್ಟಿಫಿಕೇಟ್ ಕೇಳುತ್ತಾರೆ. ಅದಕ್ಕೆ ಎಷ್ಟು ಫೀಸು, ಯಾರು ಅರ್ಜಿ ಹಾಕುವುದು, ಕಾಲೇಜೋ ನೀವೋ, ಎಂದು ಸೇರುವ ದಿನವೇ ಕೇಳಿ ಇಟ್ಟುಕೊಳ್ಳಿ. ದಿನಾ ಹೋಗಿ ಬರುವವರು ರೈಲಿನ ವಿದ್ಯಾರ್ಥಿ ಸೀಸನ್ ಟಿಕೆಟಿಗೆ ಕಾಲೇಜಿನಿಂದ ಪತ್ರ ತೆಗೆದುಕೊಳ್ಳಿ.

ನರ್ಸಿಂಗ್, ಪ್ಯಾರಾಮೆಡಿಕಲ್ ಕೋರ್ಸಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪ್ಲಸ್ ಟು ಫಲಿತಾಂಶ ಬಂದ ವಾರ ಮನೆಗೆ ಫೋನ್ ಶುರುವಾಗುತ್ತದೆ. 'ಸೀಟು ಇದೆ, ಇವತ್ತೇ ಅಡ್ವಾನ್ಸ್ ಕಟ್ಟಿ' ಎಂಬ ಮಾತು. ನಿಮ್ಮ ನಂಬರ್ ಅವರಿಗೆ ಎಲ್ಲಿಂದ ಸಿಕ್ಕಿತು ಎಂದು ಮೊದಲು ಕೇಳಿ. ಆಮೇಲೆ ಕಾಲೇಜಿನ ಹೆಸರು ಪೂರ್ತಿ ಬರೆಸಿಕೊಂಡು ಮೂರು ವಿಷಯ ನೋಡಿ: ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಇದೆಯೇ, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಈ ವರ್ಷಕ್ಕೂ ಇದೆಯೇ, ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕ್ಲಿನಿಕಲ್ ತರಬೇತಿಗೆ ಯಾವ ಆಸ್ಪತ್ರೆ, ಎಷ್ಟು ಹಾಸಿಗೆ ಎಂದೂ ಕೇಳಿ. ಹೋಗಿ ಕಣ್ಣಾರೆ ನೋಡಿ ಬನ್ನಿ. ಇಂಜಿನಿಯರಿಂಗ್ ಆದರೆ ಎಐಸಿಟಿಇ, ಫಾರ್ಮಸಿ ಆದರೆ ಫಾರ್ಮಸಿ ಕೌನ್ಸಿಲ್, ಕಾನೂನು ಆದರೆ ಬಾರ್ ಕೌನ್ಸಿಲ್ ಮಾನ್ಯತೆ ನೋಡುವುದು ಇದೇ ಕ್ರಮ. ಕೇರಳದಲ್ಲಿ ಬಿ.ಎಸ್ಸಿ. ನರ್ಸಿಂಗಿನ ಅಲಾಟ್‌ಮೆಂಟ್ ಸರ್ಕಾರದ ಸಂಸ್ಥೆಯಾದ ಎಲ್‌ಬಿಎಸ್ ಸೆಂಟರ್ ನಡೆಸುತ್ತದೆ, ಅದಕ್ಕೂ ಅರ್ಜಿ ಹಾಕಿರಿ.

ಎರಡೂ ಕಡೆ ಅರ್ಜಿ ಹಾಕಿದವರಿಗೆ ಒಂದು ಸಂಕಟ ಬರುತ್ತದೆ. ಮಂಗಳೂರಿನಲ್ಲಿ ಫೀಸು ಕಟ್ಟಿ ಆಗಿದೆ, ಅಷ್ಟರಲ್ಲಿ ಕಣ್ಣೂರಿನಲ್ಲಿ ಒಳ್ಳೆಯ ಸೀಟು ಬಂತು. ಹಣ ವಾಪಸ್ ಸಿಗುತ್ತದೆಯೇ? ವಿಶ್ವವಿದ್ಯಾಲಯಗಳ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ಅಧಿಸೂಚನೆ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಬಾಕಿ ಇರುವಾಗ ಬಿಟ್ಟರೆ ಪೂರ್ತಿ ಫೀಸು ಮರಳಿಸಬೇಕು, ಸಣ್ಣ ಮೊತ್ತದ ಸಂಸ್ಕರಣಾ ವೆಚ್ಚ ಮಾತ್ರ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಇದ್ದರೆ ಶೇಕಡಾ 90. ಕೊನೆಯ ದಿನ ದಾಟಿ 15 ದಿನದ ಒಳಗಾದರೆ ಶೇಕಡಾ 80, ಆಮೇಲೆ 30 ದಿನದವರೆಗೆ ಶೇಕಡಾ 50. ಅದರ ನಂತರ ಏನೂ ಇಲ್ಲ. ಮೂಲ ಸರ್ಟಿಫಿಕೇಟುಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳಬಾರದು ಎಂದೂ ಅದೇ ಅಧಿಸೂಚನೆ ಹೇಳುತ್ತದೆ. ಹಣ ಕಟ್ಟುವ ಮೊದಲು ಆ ಕಾಲೇಜಿನ ಹಿಂತಿರುಗಿಸುವ ನಿಯಮವನ್ನು ಲಿಖಿತವಾಗಿ ಕೇಳಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪೆರಿಯದ ವಿಶ್ವವಿದ್ಯಾಲಯ, ಅಧ್ಯಾಪಕರಾಗುವ ದಾರಿ

ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಅಲ್ಲಿ ಸ್ನಾತಕೋತ್ತರ ಕೋರ್ಸುಗಳೇ ಹೆಚ್ಚು. ಪದವಿ ಕೋರ್ಸುಗಳಿಗೆ ಸಿಯುಇಟಿ ಬರೆಯಬೇಕು, ಅದನ್ನು ಕನ್ನಡದಲ್ಲೂ ಬರೆಯಬಹುದು. ಪದವಿ ಮತ್ತು ಬಿ.ಎಡ್. ಎರಡನ್ನೂ ನಾಲ್ಕು ವರ್ಷದಲ್ಲಿ ಮುಗಿಸುವ ಐಟಿಇಪಿ ಕೋರ್ಸಿಗೆ ಮಾತ್ರ ಎನ್‌ಸಿಇಟಿ ಎಂಬ ಬೇರೆ ಪರೀಕ್ಷೆ. ಅರ್ಜಿಯೂ ಬೇರೆ.

ಅಧ್ಯಾಪನದ ಬಗ್ಗೆ ಹೇಳದೆ ಇರಲಾರೆ. ಕನ್ನಡ ಬಿ.ಎ. ಎಂದರೆ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಆದರೆ ನಮ್ಮ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಬೀದಿಗೆ ಇಳಿದು ಹೋರಾಡಿದವರೂ ನಾವೇ ಅಲ್ವಾ? ಆ ಹುದ್ದೆಗೆ ಬೇಕಾದ ಓದು ಓದಿ ಬಂದ ಕನ್ನಡದ ಮಕ್ಕಳು ಸಾಲಿನಲ್ಲಿ ಇದ್ದರೆ ಹೋರಾಟಕ್ಕೆ ಬಲ ಬರುತ್ತದೆ. ಪ್ರಾಥಮಿಕ ಶಾಲೆಗೆ ಡಿ.ಎಲ್.ಎಡ್. ಡಿಪ್ಲೊಮಾ ಮತ್ತು ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ಕೆ-ಟೆಟ್. ಪ್ರೌಢಶಾಲೆಗೆ ಪದವಿ, ಬಿ.ಎಡ್., ಕೆ-ಟೆಟ್. ಹೈಯರ್ ಸೆಕೆಂಡರಿಗೆ ಎಂ.ಎ., ಬಿ.ಎಡ್., ಸೆಟ್ ಎಂಬ ಅರ್ಹತಾ ಪರೀಕ್ಷೆ. ಕನ್ನಡ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಕಲಿಸುವವರು ಇನ್ನೂ ಜಾಸ್ತಿ ಬೇಕು. ಹಾಗಾಗಿ ಗಣಿತ ಬಿ.ಎಸ್ಸಿ. ಓದುವ ಕನ್ನಡದ ಹುಡುಗಿ ಈ ದಾರಿಯನ್ನು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಲಿ.

ಸೀಟು ಸಿಗದಿದ್ದರೆ, ಸಿಕ್ಕಿದ ಮೇಲೆ

ಮೂರು ಅಲಾಟ್‌ಮೆಂಟಿನಲ್ಲೂ ಹೆಸರು ಬರಲಿಲ್ಲ ಎಂದು ಅಳಬೇಡಿ. ಕೊನೆಗೆ ಉಳಿದ ಸೀಟಿಗೆ ಸ್ಪಾಟ್ ಅಡ್ಮಿಷನ್ ಇರುತ್ತದೆ. ಬೇರೆ ಕೋರ್ಸಿಗೆ ಹೋದವರು ಬಿಟ್ಟ ಸೀಟುಗಳು ಆಗ ತೆರೆಯುತ್ತವೆ. ಕಾಲೇಜಿನ ನೋಟಿಸ್ ಬೋರ್ಡನ್ನೂ ವಿಶ್ವವಿದ್ಯಾಲಯದ ವೆಬ್‌ಸೈಟನ್ನೂ ದಿನಾ ನೋಡಿ. ಅರ್ಜಿಯನ್ನೇ ಹಾಕದವರಿಗೆ ಈ ಅವಕಾಶವೂ ಕಷ್ಟ, ಆದ್ದರಿಂದ ಮಂಗಳೂರೇ ಗಟ್ಟಿ ಎನ್ನುವವರೂ ಕಣ್ಣೂರಿಗೆ ಒಂದು ಅರ್ಜಿ ಹಾಕಿಟ್ಟಿರಿ.

ಸೇರಿದ ಮೇಲೆ ಸ್ಕಾಲರ್‌ಶಿಪ್ ಕೆಲಸ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಕೇಂದ್ರದ ಒಂದು ಯೋಜನೆ ಇದೆ. ಪ್ಲಸ್ ಟುವಿನಲ್ಲಿ ತಮ್ಮ ವಿಭಾಗದ ಮೊದಲ ಶೇಕಡಾ 20ರೊಳಗೆ ಬಂದ, ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿರುವ ಮಕ್ಕಳಿಗೆ ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಯಾವ ರಾಜ್ಯದಲ್ಲಿ ಓದಿದರೂ ಹಾಕಬಹುದು. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇದ್ದು, ಆಧಾರ್ ಜೋಡಣೆ ಆಗಿರಬೇಕು. ಅರ್ಜಿ ಹಾಕಿದ ಮೇಲೆ ಕಾಲೇಜಿನವರು ಅದನ್ನು ಪೋರ್ಟಲಿನಲ್ಲಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಆಫೀಸಿಗೆ ಹೋಗಿ ಕಳಿಸಿದ್ದಾರೆಯೇ ಎಂದು ಕೇಳಿ. ಎರಡನೇ ವರ್ಷ ಮತ್ತೆ ನವೀಕರಿಸಬೇಕು, ಆ ತಾರೀಕನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.